ಸಾವಿರದೈನೂರು ಮಾರು

ಮಂಗಳೂರು ಬಂದರು
೧೨ ನವೆಂಬರ್ ೧೯೫೭

ಅಪ್ಪನಿಗೆ ಮಗಳು ಆದಿಲಕ್ಷ್ಮಿಯ ನಮಸ್ಕಾರ. ನಾನೂ ಮಾಮನೂ ಚೆನ್ನಾಗಿದ್ದೀವಿ. ನೀನೂ ಅಮ್ಮನೂ ಹೆಂಗಿದ್ದೀರಿ ಅಂತ ಬರಿ. ಬರೀದೆ ಸುಮ್ಮನಿದ್ದು ಕೋಪ ತೀರಿಸ್ಕೋಬೇಡ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ನೀನು ಒಂದು ಮಾತೂ ಆಡದೆ ಬೆನ್ನು ತಿರುಗಿಸಿಕೊಂಡು ಹೋದೆಯಲ್ಲ, ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ದೋಣಿ ಹೊತ್ತ ವ್ಯಾಗನ್ನನ್ನ ಗೂಡ್ಸ್ ಗಾಡಿಗೆ ತಗಲಿಸೋ ಹೊತ್ತಿಗೆ ಅರ್ಧ ಪೇಟೆ ಬಂದು ನಿಂತಿತ್ತು. ಒಬ್ಬ ಅಜ್ಜಿ ತೆಂಗಿನಕಾಯಿ ಒಡೆದು ಕೈ ಮುಗಿದಳು. ಇದು ದೇವರಲ್ಲಮ್ಮ, ದೋಣಿ ಅಂತ ಮಾಮ ಹೇಳಿದ್ದಕ್ಕೆ, ನೀರೇ ಇಲ್ಲದ ಊರಲ್ಲಿ ದೋಣಿ ಹುಟ್ಟಿದ್ರೆ ಅದು ದೇವರಲ್ಲದೆ ಇನ್ನೇನಪ್ಪ ಅಂದಳು. ನಿಮ್ಮ ಗಣಿಯ ಟ್ರೆವರ್ ದೊರೆ ರಿಟೈರಾಗಿ ಬಂಗಲೆ ಹಿಂದಿನ ಶೆಡ್ಡಿನಲ್ಲಿ ಮಾಮನ ಕೈಲಿ ವರ್ಷಗಟ್ಟಲೆ ಹಲಗೆ ಕೊಯ್ಸುವಾಗ ನೀವೆಲ್ಲ ನಗ್ತಿದ್ದಿರಲ್ಲ, ಆ ಅಜ್ಜಿ ನಗಲಿಲ್ಲ.

ಸಮುದ್ರ ಕಂಡದ್ದು ಕಲ್ಲಿಕೋಟೆ ದಾಟಿದ ಮೇಲೆ, ರೈಲಿನ ಕಿಟಕಿಯಿಂದ. ಮೊದಲು ಆಕಾಶವೇ ನೆಲಕ್ಕೆ ಇಳಿದಿದೆ ಅಂದ್ಕೊಂಡೆ. ಆಮೇಲೆ ಅದರ ಮೇಲೊಂದು ಹಾಯಿ ಕಾಣಿಸ್ತು. ಅಪ್ಪಾ, ಬೇತಮಂಗಲದ ಕೆರೆ ಕೋಡಿ ಬಿದ್ದ ವರ್ಷ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ದೆ, ಆಚೆ ದಡದಲ್ಲಿ ದನಗಳು ಇರುವೆ ಹಂಗೆ ಕಾಣ್ತಿದ್ವು. ಇದಕ್ಕೆ ಆಚೆ ದಡವೇ ಇಲ್ಲ. ಗೊತ್ತಿಲ್ಲದ ಹಂಗೆ ಕೈ ಮುಗಿದುಬಿಟ್ಟೆ. ಎದುರಿಗೆ ಕೂತಿದ್ದ ಮಲಯಾಳಿ ಹೆಂಗಸು ನಕ್ಕಳು. ನಗಲಿ.

ಬಂದ ಮಾರನೇ ದಿನವೇ ಮಾನ ಹೋಯ್ತು. ದೋಣೀನ ನೀರಿಗೆ ಇಳಿಸಿ ದೊರೆ ಊಟಕ್ಕೆ ಹೋದರು. ಮಾಮ ಅದನ್ನ ದಡದ ಕಂಬಕ್ಕೆ ಹಿಂದೆ ಮುಂದೆ ಗಟ್ಟಿಯಾಗಿ ಬಿಗಿದ, ಎತ್ತನ್ನ ಗೂಟಕ್ಕೆ ಮೋಟಾಗಿ ಕಟ್ಟಿದ ಹಂಗೆ. ನಾನು ಒಳಗೆ ಹಿಟ್ಟಿಗೆ ಎಸರಿಟ್ಟಿದ್ದೆ. ಇದ್ದಕ್ಕಿದ್ದಂಗೆ ದೋಣಿ ಒಂದು ಕಡೆಗೆ ವಾಲಿತು, ಪಾತ್ರೆ ಪಡಗ ಎಲ್ಲ ಉರುಳಿ ಬಂದ್ವು. ಈಚೆ ಬಂದು ನೋಡಿದ್ರೆ ನೀರು ಆಳೆತ್ತರ ಕೆಳಗೆ ಹೋಗಿದೆ, ನಾವು ಹಗ್ಗದಲ್ಲಿ ನೇತಾಡ್ತಿದ್ದೀವಿ! ಯಾರೋ ತೂಬು ಎತ್ತಿಬಿಟ್ರು ಅಂತ ಮಾಮ ಕೂಗಿಕೊಂಡ. ಪಕ್ಕದ ಮಂಜಿಯವರು, ಸರಕು ಸಾಗಿಸೋ ದೊಡ್ಡ ದೋಣಿಯವರು, ಹೊಟ್ಟೆ ಹಿಡ್ಕೊಂಡು ನಕ್ಕು, ಆಮೇಲೆ ಓಡಿ ಬಂದು ಹಗ್ಗ ಸಡಿಲ ಮಾಡಿದ್ರು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತಂತೆ, ಎರಡು ಸಲ ಇಳಿಯುತ್ತಂತೆ. ತೂಬಿಲ್ಲ, ನೀರಗಂಟಿ ಇಲ್ಲ. ಅಷ್ಟು ನೀರನ್ನ ಯಾರು ಎತ್ತಿ ಇಳಿಸ್ತಾರೆ ಅಂತ ನನಗೆ ಇನ್ನೂ ತಿಳಿದಿಲ್ಲ. ಸಾಯಂಕಾಲ ಅದು ತಿರುಗಿ ಬರೋದನ್ನ ನೋಡ್ತಾ ಕೂತಿದ್ದೆ, ಹಿಟ್ಟು ಸೀದುಹೋಯ್ತು.

ಅಮ್ಮನಿಗೆ ಹೇಳು, ನನಗೆ ಭಯ ಆಗ್ತದೆ, ಆದರೆ ವಾಪಸ್ಸು ಬರೋ ಅಂಥ ಭಯ ಅಲ್ಲ.

ಇಂತಿ ನಿನ್ನ ಮಗಳು
ಆದಿಲಕ್ಷ್ಮಿ

*

ಚಾಂಪಿಯನ್ ರೀಫ್ಸ್
ಕೋಲಾರ ಚಿನ್ನದ ಗಣಿ
೩ ಡಿಸೆಂಬರ್ ೧೯೫೭

ಮಗಳು ಆದಿಲಕ್ಷ್ಮಿಗೆ ಮುನಿಸ್ವಾಮಪ್ಪನ ಆಶೀರ್ವಾದ.

ಕೋಪ ಯಾರಿಗೆ? ಮಾತಾಡ್ಲಿಲ್ಲ ಅಂದ್ರೆ ಕೋಪಾನಾ? ಶಿಫ್ಟಿಗೆ ಓಗೋವಾಗ ಮೂವತ್ತು ವರ್ಷದಿಂದ ನಿಮ್ಮಮ್ಮನ ಕೂಡೇನೂ ಮಾತಾಡಿಲ್ಲ, ಅವಳೇನು ಬಿಟ್ಟೋಗವ್ಳಾ?

ನಿನ್ನ ಕಾಗದ ಓದಿ ಯೇಳಿದೆ. ನಿಮ್ಮಮ್ಮ ತೂಬಿನ ಕತೆಗೆ ನಕ್ಕಳು, ಆಮೇಲೆ ಅತ್ತಳು. ಅವಳು ಯೇಳಿದ್ದನ್ನ ಯೇಳಿದಂಗೇ ಬರೀತೀನಿ: "ಒಡಹುಟ್ಟಿದ ತಮ್ಮನ್ನೂ ಒಟ್ಟೇಲಿ ಉಟ್ಟಿದ ಮಗಳನ್ನೂ ಒಂದೇ ಮರದ ತುಂಡಿನ ಮೇಲೆ ಇಟ್ಟು ನಾನೆಂಗೆ ಉಣ್ಣಲಿ? ತಮ್ಮನಿಗೆ ಕೊಟ್ರೆ ಮಗಳು ಕಣ್ಮುಂದೆ ಇರ್ತಾಳೆ ಅಂತ ತಾನೆ ಕೊಟ್ಟಿದ್ದು." ಇದಕ್ಕೆ ನಿನ್ನ ಅತ್ರ ಉತ್ತರ ಇದ್ರೆ ಬರಿ.

ದಡಾನೇ ಇಲ್ಲ ಅಂತ ಬರ್ದಿದ್ದೀಯ. ಎಲ್ಲಾ ನೀರಿಗೂ ದಡ ಇರ್ತದೆ ಕಣಮ್ಮ, ನಿನಗೆ ಕಾಣಿಸಿಲ್ಲ ಅಷ್ಟೆ. ನಿನ್ನ ಗಂಡ ಚಲಪತಿಗೆ ಯೇಳು, ಮರಗೆಲಸ ಕಲಿತೋನಿಗೆ ನೆಲದ ಮೇಲೆ ಬೇಕಾದಷ್ಟು ಕೆಲಸ ಅದೆ. ರಾಗಿ ಇಟ್ಟು, ಉರುಳಿಕಾಳು ಒಂದು ಮೂಟೆ ರೈಲಿಗೆ ಆಕಿದ್ದೀನಿ. ಬಂದರಿನ ಆಫೀಸಿಗೆ ಬತ್ತದೆ, ಕೇಳಿ ತಗೋ.

ಇಂತಿ
ಮುನಿಸ್ವಾಮಪ್ಪ

*

ಕಾರವಾರ
೨೦ ಫೆಬ್ರವರಿ ೧೯೫೮

ಅಪ್ಪನಿಗೆ ನಮಸ್ಕಾರ. ರಾಗಿ ಬಂತು. ಅಲೆ ಜಾಸ್ತಿ ಇದ್ದ ದಿನ ಪಾತ್ರೇನ ಎರಡು ಪಾದದ ಮಧ್ಯೆ ಸಿಗಿಸ್ಕೊಂಡು ಮುದ್ದೆ ತಿರುವ್ತೀನಿ. ದೊರೆಗೂ ಮುದ್ದೆ ಅಭ್ಯಾಸ ಆಗಿದೆ, ಆದರೆ ಪಾಪ, ಅಗೀತಾರೆ.

ಮಲ್ಪೆ, ಭಟ್ಕಳ, ಹೊನ್ನಾವರ ಎಲ್ಲಾ ನೋಡ್ಕೊಂಡು ಬಂದ್ವಿ. ಹಗಲು ದಡ ಬಿಟ್ಟುಕೊಡದೆ ಹೋಗೋದು, ಹೊತ್ತು ಇಳಿಯೋಕೆ ಮುಂಚೆ ಯಾವುದಾದರೂ ಅಳಿವೆ ನೋಡಿ ಒಳಗೆ ಸೇರೋದು. ನೀರು ಎಷ್ಟು ಆಳ ಅಂತ ನೋಡೋದು ನನ್ನ ಕೆಲಸ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ತಳ ತಾಕಿದ ಮೇಲೆ ಎಳೆದು ಎಷ್ಟು ಮಾರು ಅಂತ ಕೂಗಬೇಕು. ನಮ್ಮ ಬಾವಿ ಹಗ್ಗ ಅಳೆದ ಹಂಗೇ. ದೊರೆಯ ಇಂಗ್ಲಿಷ್ ಅಳತೇನೂ ಮಾರೇ ಅಂತೆ, ಎರಡು ಕೈ ಚಾಚಿದಷ್ಟು. ಅವರ ಕೈ ಉದ್ದ, ನನ್ನ ಕೈ ಮೋಟು, ಅದಕ್ಕೇ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿ ಕೊಟ್ಟಿದ್ದಾರೆ.

ಒಂದು ಬೆಳಿಗ್ಗೆ ಗಾಳಿ ಸತ್ತುಹೋಗಿ ನಿಂತಿದ್ವಿ. ಪಕ್ಕದಲ್ಲೇ ನೀರು ಉಸಿರುಬಿಟ್ಟಿತು. ತಿರುಗಿದೆ. ಕಪ್ಪಗೆ ಒಂದು ಬೆನ್ನು ಮೇಲೆ ಬಂತು. ಬಂತು, ಬಂತು, ಬರ್ತಾನೇ ಇತ್ತು. ನಮ್ಮ ಗಣಿ ಲೈನಿನ ಸಾಲುಮನೆಗಳನ್ನ ಒಂದರ ಪಕ್ಕ ಒಂದು ನೋಡ್ತಾ ನಡೆದ ಹಂಗೆ, ಮುಗಿಯೋದೇ ಇಲ್ಲ. ತಿಮಿಂಗಿಲ ಅಂತೆ. ಅದು ನಮ್ಮನ್ನ ನೋಡಲೂ ಇಲ್ಲ, ಮುಟ್ಟಲೂ ಇಲ್ಲ, ದೋಣಿ ಅಡಿಯಲ್ಲೇ ಹಾದು ಆಚೆ ಎದ್ದಿತು. ದೊರೆ ಟೋಪಿ ತೆಗೆದು ನಿಂತಿದ್ದರು. ಮಾಮ ನನ್ನ ಕೈ ಎಷ್ಟು ಬಿಗಿಯಾಗಿ ಹಿಡ್ಕೊಂಡಿದ್ದ ಅಂದ್ರೆ ಬಳೆ ಒಡೆದಿತ್ತು. ಅಷ್ಟು ದೊಡ್ಡ ಜೀವ ಇರೋ ಲೋಕದಲ್ಲಿ ನಮ್ಮನ್ನೂ ಇರೋಕೆ ಬಿಟ್ಟಿದ್ದಾರಲ್ಲ ಅಂತ ಅವತ್ತೆಲ್ಲಾ ಅದೇ ಯೋಚನೆ.

ಇನ್ನೊಂದು ಸುದ್ದಿ. ದೊರೆಗೆ ಕಣ್ಣು ಮಂಜಾಗ್ತಿದೆ. ಅವರ ಮಗಳು ಸೀಮೆಗೆ ಕರೆಸ್ಕೊಳ್ತಾ ಇದ್ದಾಳೆ. ಹೊರಡೋ ಮುಂಚೆ ದೋಣೀನ ಮಾಮನ ಹೆಸರಿಗೆ ಬರೆದುಕೊಟ್ಟರು. "ಹಲಗೆ ಕೊಯ್ದೋನು ನೀನು, ನಾನು ಬರೀ ಆಸೆಪಟ್ಟೋನು" ಅಂದರು. ಊರೂರು ಬಂದರಿನಲ್ಲಿ ಮಂಜಿಗಳ ಹಲಗೆ, ಹುಟ್ಟು, ಚುಕ್ಕಾಣಿ ರಿಪೇರಿಗೆ ಬಡಗಿ ಬೇಕೇ ಬೇಕು. ನಮಗೆ ಅನ್ನಕ್ಕೆ ಮೋಸ ಇಲ್ಲ. ದೋಣಿಗೆ ಗಂಗಮ್ಮ ಅಂತ ಹೆಸರಿಟ್ಟಿದ್ದೀವಿ. ಅಮ್ಮನಿಗೆ ಇಷ್ಟ ಆಗಬಹುದು.

ನಿನ್ನ
ಆದಿಲಕ್ಷ್ಮಿ

*

ಚಾಂಪಿಯನ್ ರೀಫ್ಸ್
೧೦ ಆಗಸ್ಟ್ ೧೯೫೮

ಆದಿಲಕ್ಷ್ಮಿಗೆ ಆಶೀರ್ವಾದ.

ಮಳೆಗಾಲ ಮುಗಿಯೋವರ್ಗೂ ಬೇಪೂರಿನಲ್ಲಿ ದೋಣಿ ದಡಕ್ಕೆ ಎಳ್ದಿದ್ದೀರಿ ಅಂತ ನಿನ್ನ ಕಾರ್ಡಿಂದ ತಿಳೀತು. ಅಷ್ಟಾದ್ರೂ ಬುದ್ಧಿ ಅದೆ. ಗಂಗಮ್ಮ ಅನ್ನೋ ಎಸ್ರಿಗೆ ನಿಮ್ಮಮ್ಮ ಒಂದು ಕಾಯಿ ಒಡ್ಸಿದ್ಲು.

ಈಗ ಕೆಲಸದ ಮಾತು. ಬರೋ ಯುಗಾದಿಗೆ ನಾನು ರಿಟೈರು. ಗಂಡುಮಕ್ಕಳು ಇಲ್ಲದೋನು ಅಳಿಯನ ಎಸ್ರು ಬರ್ಸಬೌದು, ಅವನಿಗೆ ಅದೇ ಕೆಲಸ ಸಿಗ್ತದೆ ಅಂತ ಆಫೀಸಿನಲ್ಲಿ ಅಂದ್ರು. ಗಣಿ ಕೆಳಗೆ ಬಂಡೆಗೆ ಮರದ ಕಂಬ ಕೊಟ್ಟು ನಿಲ್ಸೋ ಕೆಲಸ. ಚಲಪತಿ ಬಡಗಿ, ಕಲಿಯೋದೇನೂ ಇಲ್ಲ. ಮನೇನೂ ನಮ್ಮ ಕೈಲೇ ಉಳೀತದೆ. ತಿಂಗಳ ಸಂಬಳ, ಆಸ್ಪತ್ರೆ, ರಾಬರ್ಟ್‌ಸನ್‌ಪೇಟೆ ಸಂತೆ, ಎಲ್ಲಾ ಕೈಗೆ ಎಟಕೋ ಅಂಗೆ. ಅವನು ಯುಗಾದಿಗೆ ಮುಂಚೆ ಬಂದು ಸೈ ಆಕಬೇಕು. ಬರ್ಲಿಲ್ಲ ಅಂದ್ರೆ ಬೇರೆಯೋರಿಗೆ ಓಗ್ತದೆ, ಮನೇನೂ ಬಿಡಬೇಕು.

ನೀರಿನ ಮೇಲೆ ಎಷ್ಟು ದಿನ ಅಂತ ತೇಲ್ತೀರಿ? ನಾನು ಕೇಳ್ತಾ ಇಲ್ಲ, ಯೇಳ್ತಾ ಇದ್ದೀನಿ. ಬನ್ನಿ.

ಮುನಿಸ್ವಾಮಪ್ಪ

*

ಕೊಚ್ಚಿ
೬ ಡಿಸೆಂಬರ್ ೧೯೫೮

ಅಪ್ಪಾ,

ಉತ್ತರ ಬರೆಯೋಕೆ ತಡ ಆಯ್ತು. ಬರೆಯೋದು, ಹರಿಯೋದು, ಹಂಗೇ ಆಗ್ತಿತ್ತು.

ನಾನು ನಾಲ್ಕು ತಿಂಗಳ ಬಸುರಿ. ಅಮ್ಮ ಕೂಗಾಡ್ತಾಳೆ ಅಂತ ಗೊತ್ತು. ಇದು ಗೊತ್ತಾದಾಗಿನಿಂದ ಮಾಮನ ಬಾಯಲ್ಲಿ ನಿನ್ನ ಮಾತೇ. ಮಗು ಆದಮೇಲೆ ಗೋಡೆ ಬೇಕು, ಭಾವ ಕೊಟ್ಟ ಕೆಲಸ ಬಿಡಬಾರದು ಅಂತಾನೆ. ಅನ್ನುವಾಗ ಮುಖ ಮಾತ್ರ ಆ ಕಡೆ ಇರ್ತದೆ. ನಾನೂ ಹೂಂ ಅಂತೀನಿ. ನನ್ನ ಮುಖವೂ ಈ ಕಡೆಗಿರ್ತದೆ. ಮನಸ್ಸಿನ ಮಾತು ಕೇಳ್ತೀಯ ಅಂದ್ರೆ, ನನಗೆ ಈ ದೋಣಿ ಬಿಡೋಕೆ ಇಷ್ಟ ಇಲ್ಲ. ಬೆಳಿಗ್ಗೆ ಹಾಯಿ ಏರಿಸಿದ ತಕ್ಷಣ ಮರ ಒಂದು ಸಲ ಮೈ ಮುರೀತದೆ, ಆಮೇಲೆ ಎತ್ತು ಸಾಲು ಹಿಡಿದ ಹಂಗೆ ಹೊರಡ್ತದೆ. ಆ ಒಂದು ಗಳಿಗೇಗೆ ನಾನು ದಿನಾ ಕಾಯ್ತೀನಿ. ಆದರೆ ನೀನು ಹೇಳಿದ್ದನ್ನ ಮೀರೋಕೆ ನಮ್ಮಿಬ್ಬರಿಗೂ ಬಾಯಿಲ್ಲ.

ಒಂದು ಕೇಳ್ತೀನಿ. ನೀನು ಕೆಳಗಿನ ಸುದ್ದಿ ಮನೇಲಿ ಒಂದು ದಿನವೂ ಆಡಿಲ್ಲ. ನೀನು ಕೆಲಸ ಮಾಡೋ ಜಾಗ ಎಷ್ಟು ಆಳ? ಕಂಪ್ನಿಯ ಅಡಿ ಲೆಕ್ಕ ನನಗೆ ಹತ್ತಲ್ಲ. ಮಾರಿನಲ್ಲಿ ಹೇಳು.

ಆದಿಲಕ್ಷ್ಮಿ

*

ಚಾಂಪಿಯನ್ ರೀಫ್ಸ್
೨ ಜನವರಿ ೧೯೫೯

ಆದಿಲಕ್ಷ್ಮಿಗೆ,

ಬಸುರಿ ಅಂತ ಕೇಳಿ ನಿಮ್ಮಮ್ಮ ಕುಣಿದಾಡಿ, ಆಮೇಲೆ ಕೂಗಾಡಿದಳು. ಉಪ್ಪಿನಕಾಯಿ, ಅವರೆಕಾಳು ಕಳಿಸ್ತಾವ್ಳೆ. ಚೊಚ್ಚಲ ಬಾಣಂತನ ತವರಲ್ಲೇ ಅಂತೆ, ಅದರಲ್ಲಿ ಎರಡು ಮಾತಿಲ್ಲ ಅಂತೆ.

ನೀನು ಕೇಳಿದ್ದಕ್ಕೆ: ಸಾವಿರದೈನೂರು ಮಾರು ಆಗಬೌದು. ಇದನ್ನ ಕಟ್ಕೊಂಡು ನಿನಗೇನು. ಈ ಒಂದು ಸಾಲನ್ನ ನಿಮ್ಮಮ್ಮನಿಗೆ ಓದಲಿಲ್ಲ.

ಯುಗಾದಿ ಮರೀಬೇಡಿ.

ಮುನಿಸ್ವಾಮಪ್ಪ

*

ತೂತುಕುಡಿ ಬಂದರು
೧೫ ಫೆಬ್ರವರಿ ೧೯೫೯

ಅಪ್ಪನಿಗೆ ನಮಸ್ಕಾರ.

ಕನ್ಯಾಕುಮಾರಿ ಸುತ್ತಿ ಬಂದ್ವಿ. ಆ ಮೂಲೇಲಿ ಒಂದು ಗಳಿಗೆ ಎಡಗಡೆ ನಮ್ಮ ದೇಶದ ಕೊನೇ ಕಲ್ಲು, ಬಲಗಡೆ ಬರೀ ನೀರು. ಪಡುವಲ ಕಡೆಯ ಅಲೆಯೂ ಮೂಡಲ ಕಡೆಯ ಅಲೆಯೂ ದೋಣಿ ಕೆಳಗೆ ಡಿಕ್ಕಿ ಹೊಡೀತಿದ್ವು. ಮಾಮ ಚುಕ್ಕಾಣಿ ಹಿಡಿದು ಗೋವಿಂದಾ ಗೋವಿಂದಾ ಅಂತಿದ್ದ. ನನ್ನ ಹೊಟ್ಟೇಲಿ ಮಗು ಮೊದಲ ಸಲ ಅಷ್ಟು ಜೋರಾಗಿ ಒದ್ದದ್ದು ಅಲ್ಲೇ. ಭಯಕ್ಕೋ ಖುಷಿಗೋ ಅಳು ಬಂತು, ಅತ್ತೆ.

ಮೂಲೆ ದಾಟಿ ನೀರು ತಣ್ಣಗಾದ ಮೇಲೆ ಗುಂಡು ಇಳಿಬಿಟ್ಟೆ. ಹದಿನೆಂಟು ಮಾರು. ನಾವು ಇಲ್ಲಿವರೆಗೆ ಅಳೆದದ್ದರಲ್ಲಿ ಅದೇ ದೊಡ್ಡ ಆಳ. ಆಗ ನಿನ್ನ ಕಾಗದ ನೆನಪಾಯ್ತು. ಸಾವಿರದೈನೂರು! ಅಪ್ಪಾ, ಕೈಯಲ್ಲಿ ಹಗ್ಗ ಹಿಡ್ಕೊಂಡು ಹಂಗೇ ಕೂತುಬಿಟ್ಟೆ. ನಾನು ಸಮುದ್ರ ನೋಡಿದೆ, ತಿಮಿಂಗಿಲ ನೋಡಿದೆ ಅಂತ ಬರೀತಾ ಬಂದೆ, ನೀನು ಸುಮ್ಮನೆ ಓದ್ತಾ ಬಂದೆ. ನೀನು ದಿನಾ ಬುತ್ತಿ ಕಟ್ಕೊಂಡು ಇಳಿದದ್ದು ಈ ಸಮುದ್ರದ ತಳಕ್ಕಿಂತ ಎಷ್ಟೋ ಕೆಳಗೆ. ಇಳಿದು, ಸಾಯಂಕಾಲ ಬಂದು, ಮುದ್ದೆ ಉಂಡು, ನನ್ನ ಜಡೆ ನೋಡಿ ಹೇನು ಇದೆಯೇನೇ ಅಂತಿದ್ದೆ. ಇಷ್ಟು ವರ್ಷ ಯಾರ ಮನೇಲಿ ಬೆಳೆದೆ ಅಂತ ನನಗೇ ಗೊತ್ತಿರಲಿಲ್ಲ.

ಮಾಮನಿಗೂ ಹೇಳಿದೆ. ಅವನು ನನ್ನ ಕೈಯಿಂದ ಹಗ್ಗ ತಗೊಂಡು ಸುತ್ತಿಟ್ಟ. ಆಮೇಲೆ "ಭಾವ ಇಳಿದ ಜಾಗಕ್ಕೆ ನಾನೂ ಇಳೀತೀನಿ" ಅಂದ. ತೀರ್ಮಾನ ಆಯ್ತು. ಇಲ್ಲಿ ಉಪ್ಪಿನ ವ್ಯಾಪಾರಿ ಒಬ್ಬರು ದೋಣೀನ ಕೇಳ್ತಿದ್ದಾರೆ. ಅವರ ಕೈಗೆ ಒಪ್ಪಿಸಿ ಮಾಸ ಕಳೆಯೋದ್ರೊಳಗೆ ರೈಲು ಹತ್ತುತೀವಿ. ಅಮ್ಮನಿಗೆ ಖುಷಿ ಆಗಬಹುದು. ಈ ಕಾಗದ ಪೂರ್ತಿ ಓದಿ ಹೇಳು, ನುಂಗಬೇಡ.

ಆದಿಲಕ್ಷ್ಮಿ

*

ತೂತುಕುಡಿ ಬಂದರು
೨೪ ಫೆಬ್ರವರಿ ೧೯೫೯

ಅಪ್ಪಾ,

ನಿನಗೆ ಬುದ್ಧಿ ಇದೆಯಾ? ನಮ್ಮ ಮನೆತನದಲ್ಲಿ ಯಾರಾದ್ರೂ ಸಾಯದೆ ತಂತಿ ಕೊಟ್ಟಿದ್ದುಂಟಾ?

ನಿನ್ನೆ ಬೆಳಿಗ್ಗೆ ಅಂಚೆಯವನು ದಡದಲ್ಲಿ ನಿಂತು ತಂತಿ, ಕೋಲಾರ ಜಿಲ್ಲೆಯಿಂದ ಅಂತ ತಮಿಳಿನಲ್ಲಿ ಕೂಗಿದ. ಇಂಗ್ಲಿಷು ಓದೋಕೆ ನಮಗೆ ಬರಲ್ಲ, ಒಡೆದು ನೋಡೋದೇನಿದೆ? ಮಾಮ ಅದನ್ನ ಮಡಚಿದ ಹಂಗೇ ಹಾಯಿಯ ಕೆಳಗಿಟ್ಟು, "ಭಾವ ಹೋಗಿಬಿಟ್ರು ಕಣೆ" ಅಂದ. ಇಬ್ಬರೂ ಬಟ್ಟೆ ಸಮೇತ ತಲೆ ಮೇಲೆ ಕೊಡ ಕೊಡ ನೀರು ಹುಯ್ಕೊಂಡ್ವಿ. ಬಂದರಿನ ಹೆಂಗಸರು ಬಂದು ನನ್ನ ತಬ್ಬಿಕೊಂಡು ಜೊತೆಗೆ ಅತ್ತರು, ಪುಣ್ಯಾತ್ಗಿತ್ತಿಯರು, ನಿನ್ನ ಗುರುತಿಲ್ಲ ಪರಿಚಯ ಇಲ್ಲ. ಒಲೆ ಹಚ್ಚಲಿಲ್ಲ. ಮಧ್ಯಾಹ್ನ ದೋಣಿ ನೋಡೋಕೆ ಉಪ್ಪಿನ ವ್ಯಾಪಾರಿ ಬಂದ. ನಮ್ಮ ಸ್ಥಿತಿ ನೋಡಿ, ಯಾವಾಗ ಹೋದರು, ಏನಾಗಿತ್ತು ಅಂದ. ಗೊತ್ತಿಲ್ಲ ಅಂದ್ವಿ. ಆಗ ಅವನು ತಂತಿ ತಗೊಂಡು ಒಡೆದು ಓದಿದ. ಓದಿ ನಮ್ಮ ಮುಖ ನೋಡಿದ, ಮತ್ತೆ ಓದಿದ. "ಬರಬೇಡಿ. ದೋಣಿ ಮಾರಬೇಡಿ. ಅಪ್ಪ, ಅಮ್ಮ." ಇಷ್ಟೇ ಇದೆ ಅಂದ.

ನಾನು ಅಳ್ತಾ ನಕ್ಕಿದ್ದು, ನಗ್ತಾ ಬೈದದ್ದು ನೋಡಿ ಆ ಹೆಂಗಸರು ಗಾಳಿ ಹಿಡೀತು ಅಂದ್ಕೊಂಡರು. ಮಾಮ ಒದ್ದೆ ಬಟ್ಟೇಲೇ ವ್ಯಾಪಾರಿಗೆ ಕೈ ಮುಗಿದು ದೋಣಿ ಕೊಡಲ್ಲ ಅಂದ. ಅವನು ಒಳ್ಳೇವನು, ಕೋಪ ಮಾಡ್ಕೊಳ್ಳಲಿಲ್ಲ.

ನೀನು ಬದುಕಿದ್ದೀಯ. ಅದು ಸಾಕು ನನಗೆ. ಆದರೂ ಕೇಳ್ತೀನಿ. ಅರ್ಧ ದಿನ ನಿನ್ನ ಸಾಯಿಸಿ ಅತ್ತಿದ್ದೀನಿ, ಅದಕ್ಕಾದರೂ ನಿಜ ಹೇಳು. ಬನ್ನಿ ಬನ್ನಿ ಅಂದೋನು ಯಾಕೆ ಬೇಡ ಅಂದೆ?

ಆದಿಲಕ್ಷ್ಮಿ

*

ಚಾಂಪಿಯನ್ ರೀಫ್ಸ್
೪ ಮಾರ್ಚ್ ೧೯೫೯

ಮಗಳು ಆದಿಲಕ್ಷ್ಮಿಗೆ,

ತಂತಿ ಕೊಡು ಅಂದೋಳು ನಿಮ್ಮಮ್ಮ. ಬೈಯೋದಿದ್ರೆ ಅವಳಿಗೂ ಅರ್ಧ ಬೈಯಿ.

ನಿನ್ನ ಕಾಗದ ಪೂರ್ತಿ ಓದು ಅಂದಿದ್ದೀಯ ಅಂತ ಪೂರ್ತಿ ಓದಿದೆ. ಸಾವಿರದೈನೂರು ಮಾರು ಅಂತ ಬಂತು. ನಿಮ್ಮಮ್ಮ ಅಕ್ಕಿ ಆರಿಸ್ತಾ ಇದ್ದೋಳು ಕೈ ನಿಲ್ಲಿಸಿ, ಏನಂದೆ ಅಂದ್ಲು. ಮೂವತ್ತು ವರ್ಷ ನನ್ನ ಕೂಡೆ ಬಾಳಿದೋಳು. ಅಕ್ಕಪಕ್ಕದೋರ ಬಾಯಿಂದ ಅಡಿ ಲೆಕ್ಕ, ಲೆವೆಲ್ ನಂಬರು ಎಲ್ಲಾ ಕಿವಿ ಮೇಲೆ ಬಿದ್ದಿತ್ತು, ತಲೆಗೆ ಓಗಿರಲಿಲ್ಲ. ಮಾರು ಅಂದ್ರೆ ಅವಳಿಗೆ ಗೊತ್ತು. ಅವಳ ತವರಿನ ಬಾವಿ ಎಂಟು ಮಾರು. ಅದಕ್ಕೆ ಬಗ್ಗಿ ನೋಡಿದ್ರೇ ತಲೆ ತಿರುಗ್ತದೆ ಅಂತ ಕಣ್ಣು ಮುಚ್ಕೊಂಡು ನೀರು ಸೇದ್ತಿದ್ಲು. ಮೊರ ಪಕ್ಕಕ್ಕಿಟ್ಟು ಗೋಡೆಗೆ ಒರಗಿದ್ಲು. ಆಮೇಲೆ ಅಂದ್ಲು: "ನೀನು ಓಗಿ ಬಂದಿದ್ದೇ ನನ್ನ ಪುಣ್ಯ. ನನ್ನ ತಮ್ಮನ್ನ ಕಳಿಸಬೇಡ."

ಅವಳು ಕೇಳಿದ್ಲು, ನಾನು ಯೇಳಿದೆ. ನಿನಗೂ ಬರೀತೀನಿ, ಒಂದೇ ಸಲ. ಕೇಜಿನಲ್ಲಿ, ಅಂದ್ರೆ ಕಬ್ಬಿಣದ ಪಂಜರದಲ್ಲಿ, ಇಳೀತಾ ಕಿವಿ ಮುಚ್ಕೊಳ್ತವೆ. ಬಾವಿ ಅಂಗೆ ನೆಟ್ಟಗೆ ಕೊರೆದ ಒಂದು ಶಾಫ್ಟ್ ಮುಗಿದ ಮೇಲೆ ಒಳಗೇ ಇನ್ನೊಂದು. ತಳದಲ್ಲಿ ಬಂಡೇನ ಮುಟ್ಟಿದ್ರೆ ಕೈ ಇಂದಕ್ಕೆ ಎಳ್ಕೋಬೇಕು, ಅಷ್ಟು ಕಾವು. ಗಾಳಿ ಮೇಲಿಂದ ಕೊಳವೇಲಿ ಬರಬೇಕು. ಕದಿರಪ್ಪ ಅಂತ ನನ್ನ ಜೊತೆಗಾರ ಇದ್ದ. ನೀನು ಚಿಕ್ಕೋಳು, ಅವನ ಎಂಡ್ತಿ ವರಲಕ್ಷ್ಮಮ್ಮ ನಿನಗೆ ಬೆಲ್ಲ ಕೊಡೋಳು. ಅವನು ಒಂದಿನ ಒಗೆಸೊಪ್ಪು ಕೇಳ್ದ. ಚೀಲ ತೆಗೆಯೋಕೆ ಅಂತ ಈ ಕಡೆ ತಿರುಗ್ದೆ. ಬಂಡೆ ಸಿಡೀತು. ತಿರುಗಿ ನೋಡಿದಾಗ ಅವನಿದ್ದ ಕಡೆ ಬರೀ ಕಲ್ಲು. ಮಾರನೇ ದಿನ ನಾನು ಅಲ್ಲೇ ಕಂಬ ನಿಲ್ಸಿದೆ. ನಿಲ್ಸದೆ ಇರೋಕಾಗ್ತದಾ? ಅವತ್ತಿಂದ ಇವತ್ತಿಗೂ ಮೇಲೆ ನೋಡದೆ ಒಂದು ಎಜ್ಜೆ ಇಟ್ಟಿಲ್ಲ ಕಣಮ್ಮ. ಬಜಾರಿನಲ್ಲೂ ಅಂಗೇ, ಮನೇಲೂ ಅಂಗೇ. ತಲೆ ಮೇಲೆ ಏನದೆ, ಎಲ್ಲಿ ಬಿರುಕು ಬಿಟ್ಟದೆ ಅಂತ ನೋಡ್ತಾನೇ ಇರ್ತೀನಿ.

ಅಂಥ ಜಾಗಕ್ಕೆ ಚಲಪತೀನ ಯಾಕೆ ಕರೆದೆ ಅಂತೀಯ. ನನಗೆ ಎದೆ ಸರಿ ಇಲ್ಲ. ಕಲ್ಲಿನ ದೂಳು, ಈಗ ಮೆಟ್ಲು ಅತ್ತೋಕೂ ಉಸಿರಿಲ್ಲ. ನಿನ್ನನ್ನ ನೋಡಬೇಕು ಅಂತಿತ್ತು. ಅದನ್ನ ಅಂಗಂತ ಬರೆಯೋಕೆ ಕೈ ಬರ್ಲಿಲ್ಲ, ಕೆಲಸ ಅದೆ ಬನ್ನಿ ಅಂತ ಬರ್ದೆ. ಈಗ ಅಂಗಂತಾನೇ ಬರೀತೀನಿ. ನಿನ್ನ ನೋಡಬೇಕು ಕಣೆ. ನೀನು ಬರಬೇಡ, ನಾವೇ ಬತ್ತೀವಿ.

ನಮ್ಮ ಮನೆಯಿಂದ ಇನ್ಯಾರೂ ಇಳಿಯಲ್ಲ ಅಂತ ಆಫೀಸಿಗೆ ಓಗಿ ಯೇಳಿ ಬಂದೆ. ಯುಗಾದಿಗೆ ಈ ಮನೆ ಬಿಟ್ಟು ಬೇತಮಂಗಲಕ್ಕೆ, ನನ್ನ ತಮ್ಮ ಸೊಣ್ಣಪ್ಪನ ಒಲದ ಮನೆಗೆ. ಬಾಣಂತನ ದೋಣೀಲೇ ಮಾಡ್ತಾಳಂತೆ ನಿಮ್ಮಮ್ಮ. ತವರು ಅಂದ್ರೆ ತಾಯಿ ಇರೋ ಕಡೆ, ಗೋಡೆ ಇರೋ ಕಡೆ ಅಲ್ಲ ಅಂತಾವ್ಳೆ. ಈ ಮಾತು ಒಂದೂವರೆ ವರ್ಷದಿಂದ ಎಲ್ಲಿ ಬಚ್ಚಿಟ್ಟಿದ್ಲೋ.

ನಿನ್ನಪ್ಪ
ಮುನಿಸ್ವಾಮಪ್ಪ

*

ಬೇತಮಂಗಲ
೧೮ ಜೂನ್ ೧೯೫೯

ಮಗಳು ಆದಿಲಕ್ಷ್ಮಿಗೂ ಮೊಮ್ಮಗಳಿಗೂ ಆಶೀರ್ವಾದ.

ನಿಮ್ಮ ದೋಣಿಯಿಂದ ನೆಟ್ಟಗೆ ಊರಿಗೆ ಬಂದು ಸೇರಿದೆ. ನಿಮ್ಮಮ್ಮನ್ನ ಇನ್ನೂ ಮೂರು ತಿಂಗಳು ಇಟ್ಕೋ, ನನಗೆ ಸೊಣ್ಣಪ್ಪನ ಎಂಡ್ತಿ ಇಟ್ಟು ಆಕ್ತಾಳೆ. ಮಗೂಗೆ ಎಣ್ಣೆ ನೀರು ತಪ್ಪಿಸಬೇಡಿ. ಉಪ್ಪು ಗಾಳಿಗೆ ಮೈ ಒಡೀತದೆ.

ಇಲ್ಲಿ ಎಲ್ಲಾ ಸಮುದ್ರ ಎಂಗದೆ ಎಂಗದೆ ಅಂತ ಕೇಳ್ತಾರೆ. ನನಗೆ ಯೇಳೋಕೆ ಬರಲ್ಲ. ದಡ ಇರ್ತದೆ ಅಂತ ನಿನಗೆ ಬರ್ದಿದ್ನಲ್ಲ, ಇಲ್ಲ ಕಣಮ್ಮ. ನೋಡಿ ಬಂದೆ.

ಚಲಪತಿ ನನ್ನೊಬ್ಬನ್ನೇ ಕೂರಿಸ್ಕೊಂಡು ದಡ ಕಾಣದಷ್ಟು ದೂರ ಕರ್ಕೊಂಡು ಓದ್ನಲ್ಲ, ಅವತ್ತಿಂದು ನಿನಗೆ ಗೊತ್ತಿಲ್ಲ. ಯೇಳ್ತೀನಿ. ಗಾಳಿ ಬಂತು. ಯಾರೂ ತಿದಿ ಒತ್ತಲಿಲ್ಲ, ಯಾರೂ ಕೊಳವೆ ತಿರುಗಿಸಲಿಲ್ಲ, ಸುಮ್ಮನೆ ಬಂತು, ಬರ್ತಾನೇ ಇತ್ತು. ನನಗೆ ಕಣ್ಣಲ್ಲಿ ನೀರು ಬಂತು. ದೋಣಿ ಮುಂದುಗಡೆ ಹಲಗೆ ಮೇಲೆ ಅಂಗಾತ ಮಲಗಿಬಿಟ್ಟೆ. ಒತ್ತು ಏರಿ ಇಳಿಯೋವರ್ಗೂ ಎದ್ದೇಳಲಿಲ್ಲ, ಕೆಮ್ಮಲೂ ಇಲ್ಲ. ಚಲಪತಿ ಎದರಿಕೊಂಡು ಬಂದು ಬಗ್ಗಿ ನೋಡ್ದ. "ಭಾವ, ಅಷ್ಟೊತ್ತಿಂದ ಮೇಲೇನೇ ನೋಡ್ತಾ ಇದ್ದೀಯಲ್ಲ, ಏನದೆ ಅಲ್ಲಿ?" ಅಂದ.

"ಏನೂ ಇಲ್ವಲ್ಲಾ, ಅದನ್ನೇ ನೋಡ್ತಾ ಇದ್ದೀನಿ ಕಣ್ಲಾ" ಅಂದೆ.

ನಿನ್ನಪ್ಪ
ಮುನಿಸ್ವಾಮಪ್ಪ